ಮೂರು ವರ್ಷದ ಓದು ಸೋತ ಬಗೆ

ಸುಮಾರು 1170ರ ಹೊತ್ತಿಗೆ ಈಜಿಪ್ಟಿನ ಫುಸ್ತಾತಿಗೆ, ಅಂದರೆ ಇಂದಿನ ಹಳೆಯ ಕೈರೋಗೆ, ಬಂದ ತುದೇಲಾದ ಬೆಂಜಮಿನ್ ಎಂಬ ಯಹೂದಿ ಪ್ರವಾಸಿ ಅಲ್ಲಿ ಎರಡು ಸಿನಗಾಗ್‌ಗಳನ್ನು ಕಂಡ. ಒಂದು ಇರಾಕ್ ಮೂಲದವರದು, ಇನ್ನೊಂದು ಪ್ಯಾಲೆಸ್ತೀನ್ ಮೂಲದವರದು. ಎರಡು ಕಡೆಯೂ ಓದುತ್ತಿದ್ದದ್ದು ಒಂದೇ ತೋರಾ, ಮೋಶೆಯ ಐದು ಗ್ರಂಥಗಳು. ಇರಾಕಿನವರು ವಾರಕ್ಕೊಂದು ಪರಾಶಾ, ಅಂದರೆ ತೋರಾದ ಒಂದು ಭಾಗ, ಓದಿ ವರ್ಷದಲ್ಲಿ ಮುಗಿಸುತ್ತಿದ್ದರು. ಮತ್ತೊಂದು ಪಂಗಡದವರು ಪ್ರತಿ ಪರಾಶಾವನ್ನೂ ಮೂರಾಗಿ ಒಡೆದು ಮೂರು ವರ್ಷಕ್ಕೆ ಮುಗಿಸುತ್ತಿದ್ದರು. ಕೊನೆಗೆ ಗೆದ್ದದ್ದು ವರ್ಷದ ಓದು. ಬಾಗ್ದಾದಿನ ವಿದ್ಯಾಪೀಠಗಳ ಅಧಿಕಾರ ದೊಡ್ಡದಿತ್ತು, ಅದಕ್ಕೇ ಗೆದ್ದಿತು ಎಂಬುದು ಸಾಮಾನ್ಯ ವಿವರಣೆ. ಅದು ಅರ್ಧ ಉತ್ತರ ಮಾತ್ರ. ಚದುರಿಹೋದ ಜನಕ್ಕೆ ವರ್ಷದ ಓದು ಪಂಚಾಂಗವಾಗಿ ಒದಗಿತು. ಮೂರು ವರ್ಷದ ಓದಿಗೆ ಆ ಕೆಲಸ ಸಾಧ್ಯವಿರಲಿಲ್ಲ.

ಮೊದಲಿಗೆ ತೋರಾ ಓದು ಹುಟ್ಟಿದ್ದು ತಿಳಿವಳಿಕೆಗಾಗಿ ಎಂಬುದಕ್ಕೆ ಪುರಾವೆ ಸಾಕಷ್ಟಿದೆ. ನೆಹೆಮೀಯನ ಗ್ರಂಥದಲ್ಲಿ ಎಜ್ರನು ಜೆರುಸಲೇಮಿನ ನೀರಿನ ಬಾಗಿಲ ಮುಂದಿನ ಬಯಲಿನಲ್ಲಿ ಧರ್ಮಶಾಸ್ತ್ರ ಓದುತ್ತಾನೆ, ಲೇವಿಯರು ಜನರಿಗೆ ಅರ್ಥ ಹೇಳುತ್ತಾರೆ. ಜೆರುಸಲೇಮಿನಲ್ಲೇ ಸಿಕ್ಕ, ಒಂದನೆಯ ಶತಮಾನದ್ದೆನ್ನುವ ಥಿಯೊಡೋಟಸನ ಗ್ರೀಕ್ ಶಾಸನವು ಸಿನಗಾಗ್ ಕಟ್ಟಿಸಿದ್ದು ಶಾಸ್ತ್ರ ಓದಲಿಕ್ಕೆ, ವಿಧಿಗಳನ್ನು ಕಲಿಸಲಿಕ್ಕೆ ಎನ್ನುತ್ತದೆ. ಪ್ರಾರ್ಥನೆಯ ಮಾತನ್ನೇ ಎತ್ತುವುದಿಲ್ಲ. ಅದೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್, ಯಹೂದಿಗಳು ವಾರಕ್ಕೊಮ್ಮೆ ಕೆಲಸ ಬಿಟ್ಟು ಶಾಸ್ತ್ರ ಕೇಳಲು ಸೇರುತ್ತಾರೆಂದು ಹೆಮ್ಮೆಯಿಂದ ಬರೆದ. ಸಬ್ಬತ್ತಿನ ಶನಿವಾರವಲ್ಲದೆ ಸೋಮವಾರ, ಗುರುವಾರಗಳಲ್ಲೂ ಚಿಕ್ಕ ಓದು ಇತ್ತು. ಹಳ್ಳಿಯವರು ಪೇಟೆಗೆ ಬರುತ್ತಿದ್ದ ಸಂತೆಯ ದಿನಗಳು ಅವು. ಜನರ ಮಾತು ಅರಾಮಿಕ್ ಆಗಿದ್ದ ಕಾಲದಲ್ಲಿ ಓದುವವನ ಪಕ್ಕದಲ್ಲೇ ಒಬ್ಬ ಅನುವಾದಕ ನಿಲ್ಲುತ್ತಿದ್ದ. ಒಂದೊಂದೇ ವಚನ ಓದಬೇಕು, ಅವನು ಅದನ್ನು ಹೇಳಿ ಮುಗಿಸುವವರೆಗೆ ಮುಂದೆ ಹೋಗಬಾರದು ಎಂದು ಯಹೂದಿ ವಿಧಿಸಂಗ್ರಹವಾದ ಮಿಶ್ನಾ ವಿಧಿಸಿತು.

ತಿಳಿವಳಿಕೆಯೇ ಗುರಿಯಾಗಿದ್ದರೆ ಗೆಲ್ಲಬೇಕಾಗಿದ್ದದ್ದು ನಿಧಾನದ ಓದು. ತೋರಾದಲ್ಲಿ 5,800ಕ್ಕೂ ಹೆಚ್ಚು ವಚನಗಳಿವೆ. 54 ಪರಾಶಾಗಳಿಗೆ ಹಂಚಿದರೆ ತಲಾ ನೂರು ದಾಟುತ್ತದೆ. ‘ನಾಸೋ’ ಎಂಬ ಪರಾಶಾ ಒಂದರಲ್ಲೇ 176. ಅನುವಾದವೂ ಸೇರಿದರೆ ಎಷ್ಟು ಹೊತ್ತು ಕೂರಬೇಕು! ಹಾಗಾದರೆ ಬಾಗ್ದಾದಿನ ಒತ್ತಡವೇ ಕಾರಣವಲ್ಲವೇ ಎಂದು ಯಾರಾದರೂ ಕೇಳಬಹುದು. ಆರಂಭಕ್ಕೆ ಅದು ಕಾರಣವೆಂದು ಒಪ್ಪೋಣ. ಆದರೆ ಅಲ್ಲಿನ ಕೊನೆಯ ಮಹಾಗುರು ಹಾಯ್ ಗಾಓನ್ ತೀರಿಕೊಂಡದ್ದು 1038ರಲ್ಲಿ. ಅದಾಗಿ ಒಂದು ಶತಮಾನಕ್ಕೂ ಹೆಚ್ಚು ಕಳೆದ ಮೇಲೆ ಈಜಿಪ್ಟಿನಲ್ಲಿ ಕುಳಿತು ಬರೆದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್, ಮೂರು ವರ್ಷದ ಪದ್ಧತಿಯೂ ಇದೆ, ಆದರೆ ಅದು ವ್ಯಾಪಕವಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ಅಪ್ಪಣೆ ಕೊಡುವವರ ಬಲ ಕುಗ್ಗಿದ ಮೇಲೂ ಪದ್ಧತಿ ಹಬ್ಬುತ್ತಲೇ ಇತ್ತೆಂದರೆ ಅದರಿಂದ ಜನಕ್ಕೆ ಏನೋ ಉಪಯೋಗವಿದ್ದಿರಲೇಬೇಕು.

ಆ ಉಪಯೋಗ ಏನೆಂಬುದಕ್ಕೆ ಸುಳಿವು, ಎರಡೂ ನಾಡುಗಳ ಆಚಾರಭೇದಗಳನ್ನು ಪಟ್ಟಿಮಾಡಿದ ಒಂದು ಹಳೆಯ ಗ್ರಂಥದಲ್ಲಿದೆ. ಅದರ ಪ್ರಕಾರ ಪ್ಯಾಲೆಸ್ತೀನಿನವರು ಓದು ಮುಗಿಸುವುದು ಮೂರಲ್ಲ, ಮೂರೂವರೆ ವರ್ಷಕ್ಕೆ. ಅದೂ ಒಂದು ಸೀಮೆಯವರು ಮುಗಿಸಿದ ದಿನ ಪಕ್ಕದ ಸೀಮೆಯವರು ಬೇರೆಲ್ಲೋ ಇರುತ್ತಾರೆ ಎಂದು ಅದು ಹೇಳುತ್ತದೆ. ವಿಭಾಗಗಳ ಲೆಕ್ಕವೂ 141, 154, 167 ಎಂದು ಊರಿಗೊಂದು. ಫುಸ್ತಾತಿನ ಎರಡು ಪಂಗಡಗಳೂ ವರ್ಷದ ಓದು ಮುಗಿಯುವ ತೋರಾ ಹಬ್ಬದಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದವೆಂದು ಬೆಂಜಮಿನ್ ಹೇಳುವಾಗ, ಸೋಲುವ ಪದ್ಧತಿ ಆಗಲೇ ಗೆಲ್ಲುವ ಪದ್ಧತಿಯ ತಾಳಕ್ಕೆ ಹೆಜ್ಜೆ ಹಾಕುತ್ತಿತ್ತು ಎನಿಸುತ್ತದೆ. ವರ್ಷದ ಓದಿನಲ್ಲಾದರೆ ವಾರಕ್ಕೇ ಹೆಸರು ಬಂತು. ನಮ್ಮ ರೈತರು ‘ಆರಿದ್ರಾ ಮಳೆಯ ಹೊತ್ತಿಗೆ’ ಎಂದಂತೆ ರಬ್ಬಿಗಳು ಪತ್ರದಲ್ಲಿ ತಾರೀಖಿನ ಜಾಗದಲ್ಲಿ ಪರಾಶಾದ ಹೆಸರು ಬರೆದರು.

ವರ್ಷದ ಓದೂ ಎಲ್ಲೆಡೆ ಒಂದಾಗಿಲ್ಲವಲ್ಲ ಎಂಬ ಆಕ್ಷೇಪ ನಿಜವೇ. ಪಾಸ್ಕ ಹಬ್ಬ ಇಸ್ರೇಲಿನಲ್ಲಿ ಏಳು ದಿನ, ಹೊರಗಿನ ಸಂಪ್ರದಾಯಸ್ಥರಲ್ಲಿ ಎಂಟು. 2022ರ ಏಪ್ರಿಲ್ 23ರ ಶನಿವಾರ ಹೊರಗಿನವರಿಗೆ ಎಂಟನೆಯ ದಿನವಾಗಿ ಬಂದದ್ದರಿಂದ ಅವರು ಹಬ್ಬದ ಭಾಗ ಓದಿದರು, ಇಸ್ರೇಲ್ ಒಂದು ಪರಾಶಾ ಮುಂದೆ ಹೋಯಿತು. ಆದರೆ ನಂತರ ನಡೆದದ್ದನ್ನು ನೋಡಿ: ಹೊರಗಿನವರು ಎರಡು ಪರಾಶಾಗಳನ್ನು ಜೋಡಿಸಿ ಒಂದೇ ವಾರದಲ್ಲಿ ಓದಿ, ಇಸ್ರೇಲಿನವರು ಅವನ್ನೇ ಬಿಡಿಬಿಡಿಯಾಗಿ ಓದಿ, ಜುಲೈ 30ಕ್ಕೆ ಇಬ್ಬರೂ ಒಂದೇ ಜಾಗಕ್ಕೆ ಬಂದರು. ತಪ್ಪಿದ ತಾಳ ಮತ್ತೆ ಕೂಡಿಸುವ ಉಪಾಯ ವ್ಯವಸ್ಥೆಯೊಳಗೇ ಇದೆ.

ತಿಳಿವಳಿಕೆಯ ಪಾಲು ಮೆಲ್ಲಗೆ ಮನೆಗೆ ಸರಿಯಿತು. ವಾರದ ಭಾಗವನ್ನು ಮೂಲದಲ್ಲಿ ಎರಡು ಸಲ, ಅರಾಮಿಕ್ ಅನುವಾದದಲ್ಲಿ ಒಂದು ಸಲ ತಾನೇ ಓದಿಕೊಳ್ಳಬೇಕೆಂಬ, ಯಹೂದಿ ಶಾಸ್ತ್ರಚರ್ಚೆಯ ಗ್ರಂಥವಾದ ತಾಲ್ಮುದಿನ ವಿಧಿಗೆ ಈಗ ತೂಕ ಬಂತು. ಯೆಮೆನಿನವರನ್ನು ಬಿಟ್ಟರೆ ಸಿನಗಾಗಿನ ಅನುವಾದಕ ಬಹುತೇಕ ಮರೆಯಾದ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಥದ ಅನೇಕ ಸಿನಗಾಗ್‌ಗಳು, ಓದು ಉದ್ದವಾಯಿತೆಂದು ಮೂರು ವರ್ಷದ ಪದ್ಧತಿಯನ್ನು ಮತ್ತೆ ತಂದವು. ಆದರೆ ಪ್ರತಿ ವಾರ ಅವು ಓದುವುದು ಜಗತ್ತೆಲ್ಲ ಓದುತ್ತಿರುವ ಅದೇ ಪರಾಶಾದ ಮೂರನೇ ಒಂದು ಭಾಗವನ್ನು.