ಕುದುರೆ ಹೋಯ್ತು, ಹೆಸರು ಉಳೀತು: ಕಾಲಾ ಘೋಡಾದ ಕಥೆ

ಇವತ್ತಿನ ಸಂಚಿಕೆಯಲ್ಲಿ ಮುಂಬೈಗೆ ಹೋಗೋಣ. ಫೆಬ್ರವರಿ ಬಂತು ಅಂದ್ರೆ ನಿಮ್ಮ ಇನ್‌ಸ್ಟಾಗ್ರಾಂ ತುಂಬಾ ಒಂದು ಹಬ್ಬದ ರೀಲ್ಸ್ ಓಡಾಡುತ್ತೆ. ಬಣ್ಣಬಣ್ಣದ ಕಲಾಕೃತಿಗಳು, ರಸ್ತೆ ತುಂಬಾ ಜನ, ಎಲ್ಲರ ಕೈಲೂ ಮೊಬೈಲು. ಅದೇ ಕಾಲಾ ಘೋಡಾ ಕಲಾ ಉತ್ಸವ. ಒಂಬತ್ತು ದಿನ ನಡೆಯುವ ಹಬ್ಬ, ಪ್ರವೇಶ ಉಚಿತ. ಸಂಗೀತ, ನಾಟಕ, ನೃತ್ಯ, ಸಾಹಿತ್ಯ, ಮಕ್ಕಳ ಕಾರ್ಯಾಗಾರ, ಹಳೇ ಕಟ್ಟಡಗಳನ್ನು ತೋರಿಸುವ ನಡಿಗೆ, ಎಲ್ಲವೂ ಇರುತ್ತೆ.

ಕಾಲಾ ಘೋಡಾ ಅಂದ್ರೆ ಕಪ್ಪು ಕುದುರೆ. ಯಾವ ಕುದುರೆ? ಅಲ್ಲಿಂದಲೇ ಶುರು ಮಾಡ್ತೀನಿ.

1875ರಲ್ಲಿ ಬ್ರಿಟನ್ನಿನ ಯುವರಾಜ ಎಡ್ವರ್ಡ್ ಭಾರತಕ್ಕೆ ಬಂದ. ಮುಂದೆ ಏಳನೇ ಎಡ್ವರ್ಡ್ ದೊರೆ ಆದವನು ಇವನೇ. ಆ ಭೇಟಿಯ ನೆನಪಿಗೆ ಆಲ್ಬರ್ಟ್ ಸಸೂನ್ ಎಂಬ ಶ್ರೀಮಂತ ವ್ಯಾಪಾರಿ ಒಂದು ಪ್ರತಿಮೆ ಮಾಡಿಸಿಕೊಟ್ಟ. ಕುದುರೆ ಮೇಲೆ ಕೂತ ಯುವರಾಜ. 1879ರಲ್ಲಿ ಅದು ಅನಾವರಣ ಆಯ್ತು. ಈಗ ಮಜಾ ನೋಡಿ. ಪ್ರತಿಮೆ ನಿಲ್ಲಿಸಿದ್ದು ರಾಜನಿಗೋಸ್ಕರ. ಊರಿನ ಜನ ಹೆಸರು ಹಿಡಿದಿದ್ದು ಮಾತ್ರ ಕುದುರೆಯದ್ದು! ಯಾವ ಸರ್ಕಾರಿ ಆದೇಶವೂ ಬೇಕಾಗಲಿಲ್ಲ, ಜನರ ಬಾಯಲ್ಲಿ ಆ ಜಾಗ ಕಾಲಾ ಘೋಡಾ ಆಗೋಯ್ತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮನ್ನಾಳಿದವರ ಪ್ರತಿಮೆಗಳು ನಡುರಸ್ತೆಯಲ್ಲಿ ಯಾಕಿರಬೇಕು ಅನ್ನೋ ಪ್ರಶ್ನೆ ಎದ್ದಿತು. 1965ರಲ್ಲಿ ರಾಜ, ಕುದುರೆ ಎರಡನ್ನೂ ಅಲ್ಲಿಂದ ಎತ್ತಿ ಬೈಕುಲ್ಲಾದ ಪ್ರಾಣಿ ಸಂಗ್ರಹಾಲಯದ ಆವರಣಕ್ಕೆ ಸಾಗಿಸಿದರು. ಆದರೆ ಹೆಸರನ್ನು ಎತ್ತಿ ಸಾಗಿಸೋಕೆ ಆಗುತ್ತಾ? ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕುದುರೆಯೇ ಇಲ್ಲದ ಜಾಗವನ್ನು ಮುಂಬೈ ಕಾಲಾ ಘೋಡಾ ಅಂತಲೇ ಕರೀತು. ಅಂದಹಾಗೆ, ಇದೇ ಎಡ್ವರ್ಡ್ ದೊರೆಯ ಪ್ರತಿಮೆ ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಇವತ್ತಿಗೂ ನಿಂತಿದೆ. ಒಬ್ಬನೇ ದೊರೆ, ಎರಡು ಊರು, ಎರಡು ಥರದ ತೀರ್ಮಾನ.

ಈ ಬಡಾವಣೆ ತೀರಾ ದೊಡ್ಡದೇನಲ್ಲ. ಆದ್ರೆ ಹೆಜ್ಜೆಹೆಜ್ಜೆಗೂ ಒಂದು ಅಧ್ಯಾಯ ಸಿಗುತ್ತೆ. ಹಿಂದೆ ಇಲ್ಲಿ ಬಾಂಬೆ ಕೋಟೆಯ ಗೋಡೆ ಇತ್ತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೆರ್ ಕಾಲದಲ್ಲಿ ಅದನ್ನು ಕೆಡವಿದರು. ಉತ್ಸವ ನಡೆಯುವ ಕೆ. ದುಬಾಶ್ ಮಾರ್ಗದ ಹಳೇ ಹೆಸರು ರ‍್ಯಾಂಪಾರ್ಟ್ ರೋ, ಅಂದ್ರೆ ಕೋಟೆಗೋಡೆಯ ಸಾಲು. ಪಕ್ಕದಲ್ಲೇ ಡೇವಿಡ್ ಸಸೂನ್ ಲೈಬ್ರರಿ ಇದೆ. ಬಾಗ್ದಾದಿನಿಂದ ಓಡಿಬಂದ ಯಹೂದಿ ಕುಟುಂಬದ ಹೆಸರು ಅದು. 1884ರ ಕೆನೆಸೆತ್ ಎಲಿಯಾಹೂ ಸಿನಗಾಗ್ ಕೂಡ ಅದೇ ಮನೆತನದವರು ಕಟ್ಟಿಸಿದ್ದು. ಅವರ ಸಂಪತ್ತಿನ ದೊಡ್ಡ ಪಾಲು ಬಂದದ್ದು ಹತ್ತಿ ಮತ್ತು ಚೀನಾಕ್ಕೆ ಕಳಿಸುತ್ತಿದ್ದ ಅಫೀಮಿನ ವ್ಯಾಪಾರದಿಂದ. ಲೈಬ್ರರಿಯ ಕಮಾನುಗಳ ಚೆಂದ ನೋಡುವಾಗ ಇದೂ ನೆನಪಿರಲಿ ಅಂತ ಹೇಳಿದೆ.

ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ಜಹಾಂಗೀರ್ ಆರ್ಟ್ ಗ್ಯಾಲರಿ ಗೊತ್ತಲ್ಲ? 1952ರಲ್ಲಿ ಶುರುವಾಯ್ತು. ಸರ್ ಕಾವಸ್‌ಜಿ ಜಹಾಂಗೀರ್ ಅದನ್ನು ಕಟ್ಟಿಸುವಂತೆ ಒತ್ತಾಯಿಸಿದವರು ಇಬ್ಬರು. ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರ್. ಅದರ ಹೊರಗಿನ ಫುಟ್‌ಪಾತಿನಲ್ಲೂ ಕಲಾವಿದರು ಚಿತ್ರ ಇಟ್ಟುಕೊಂಡು ಕೂರ್ತಾರೆ. ಒಳಗೆ ಜಾಗ ಸಿಗದವರಿಗೂ ಇಲ್ಲೊಂದು ಗೋಡೆ ಸಿಗುತ್ತೆ.

1998ರಲ್ಲಿ ಕಾಲಾ ಘೋಡಾ ಸಂಘ ಹುಟ್ಟಿತು. ಮರುವರ್ಷ, 1999ರಲ್ಲಿ, ಉತ್ಸವ ಶುರುವಾಯ್ತು. ಉದ್ದೇಶ ಬರೀ ಮನರಂಜನೆ ಆಗಿರಲಿಲ್ಲ. ಜನ ಬರಲಿ, ಈ ಕಟ್ಟಡಗಳನ್ನು ತಲೆಯೆತ್ತಿ ನೋಡಲಿ, ಅವುಗಳ ದುರಸ್ತಿಗೆ ದುಡ್ಡು ಹುಟ್ಟಲಿ ಅನ್ನೋದು ಲೆಕ್ಕಾಚಾರ. ಅದು ಸ್ವಲ್ಪಮಟ್ಟಿಗೆ ಫಲಿಸಿದೆ. ಸಸೂನ್ ಲೈಬ್ರರಿಯ ಜೀರ್ಣೋದ್ಧಾರದಲ್ಲಿ ಸಂಘದ ಕೈ ಇದೆ. 2017ರಲ್ಲಿ ಕುದುರೆಯೂ ವಾಪಸ್ ಬಂತು. ಹೊಸ ಪ್ರತಿಮೆ, ಅದೇ ಕಪ್ಪು ಬಣ್ಣ. ಬೆನ್ನ ಮೇಲೆ ಮಾತ್ರ ಯಾರೂ ಇಲ್ಲ. ಜನ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಮಾಡಿದ್ದ ತೀರ್ಮಾನಕ್ಕೆ ಬಿದ್ದ ಮೊಹರು ಅದು ಅಂತ ನನಗನ್ನಿಸುತ್ತೆ.

ಹಾಗಾದ್ರೆ ಕಥೆ ಸುಖಾಂತ್ಯನಾ? ಅಲ್ಲ. ನಾಲ್ಕು ಹೆಜ್ಜೆ ಆಚೆ ವಾಟ್ಸನ್ ಹೋಟೆಲ್ ಇದೆ, ಈಗಿನ ಹೆಸರು ಎಸ್ಪ್ಲನೇಡ್ ಮ್ಯಾನ್ಶನ್. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣವನ್ನು ಹಡಗಲ್ಲಿ ತಂದು ಜೋಡಿಸಿದ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲ ಬಾರಿ ತೆರೆ ಕಂಡದ್ದು ಇಲ್ಲೇ. ನೀವು ಇವತ್ತು ಫೋನಲ್ಲಿ ನೋಡೋ ಪ್ರತಿ ಸಿನಿಮಾದ ಭಾರತೀಯ ಜಾತಕ ಬರೆದ ಮನೆ ಅಂದ್ರೂ ಸರಿ. 2005ರಲ್ಲಿ ಅದರ ಒಂದು ಭಾಗ ಕುಸಿದುಬಿತ್ತು. ಜಗತ್ತಿನ ಅಪಾಯದಂಚಿನ 100 ತಾಣಗಳ ಪಟ್ಟಿಗೂ ಸೇರಿತು. ಮುಂಬೈನ ಇಂಥ ಎಷ್ಟೋ ಕಟ್ಟಡಗಳ ಹಿಂದೆ ಒಂದೇ ಗೋಳು. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿತು. ಬಾಡಿಗೆ ಏರಲ್ಲ ಅಂದ್ರೆ ಮಾಲೀಕ ರಿಪೇರಿ ಮಾಡಿಸಲ್ಲ, ಹೊರಗೆ ಮನೆ ಸಿಗಲ್ಲ ಅಂದ್ರೆ ಬಾಡಿಗೆದಾರ ಬಿಟ್ಟುಹೋಗಲ್ಲ. ಇದನ್ನು ಒಂಬತ್ತು ದಿನದ ಹಬ್ಬ ಬಿಡಿಸಲಾರದು. ಹಾಗೇನೇ, ಕ್ಯಾಸೆಟ್ಟು, ಸಿ.ಡಿ. ಮಾರುತ್ತಿದ್ದ ಇಲ್ಲಿನ ರಿದಂ ಹೌಸ್ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ಅಷ್ಟೊಂದು ಜನ ಪ್ರತಿವರ್ಷ ಅದರ ಮುಂದೆಯೇ ಹಾದುಹೋಗ್ತಿದ್ದರು.

ಹಬ್ಬ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹಬ್ಬ ಜನರನ್ನು ಕರೆತರುತ್ತೆ, ಅದು ದೊಡ್ಡ ಕೆಲಸ. ಉಳಿಸೋ ಕೆಲಸ ಮಿಕ್ಕ 356 ದಿನದ್ದು. ಅದಕ್ಕೆ ಕಾನೂನು ಬೇಕು, ದುಡ್ಡು ಬೇಕು, ಕೇಳೋ ಜನ ಬೇಕು. ನಿಮ್ಮ ಬಡಾವಣೆಗೆ ಆ ಹೆಸರು ಯಾಕೆ ಬಂತು ಅಂತ ಮನೆಯಲ್ಲಿರೋ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಕೆರೆ ಇಲ್ಲದ ಕೆರೆಗಳು, ತೋಟ ಇಲ್ಲದ ತೋಟಗಳು ನಮ್ಮ ಊರಲ್ಲೂ ಬೇಕಾದಷ್ಟಿವೆ. ಹೆಸರು ಇನ್ನೂ ಬಾಯಲ್ಲಿದೆ ಅಂದ್ರೆ ಕಥೆ ಪೂರ್ತಿ ಸತ್ತಿಲ್ಲ.