ಅಪ್ಪಣೆ ಕೇಳುವ ತಂತಿ

ನಾನು ಸಭಾಂಗಣಗಳಿಗೆ ಪ್ರೊಜೆಕ್ಟರ್, ಪರದೆ, ಸ್ವಿಚರ್ ಜೋಡಿಸುವ ಕೆಲಸ ಕಲಿತದ್ದು ಅನಲಾಗ್ ಕಾಲದಲ್ಲಿ. ಕೆಂಪು, ಹಸಿರು, ನೀಲಿ, ಜೊತೆಗೆ ಎರಡು ಸಿಂಕ್; ಒಟ್ಟು ಐದು ಬಿಎನ್‌ಸಿ ಕೇಬಲ್. ನಡುವೆ ಒಂದು ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಇಟ್ಟರೆ ನಾಲ್ಕು ಪರದೆಗೂ ಚಿತ್ರ ಹೋಗುತ್ತಿತ್ತು. ಆ ಕಡೆ ಇರುವುದು ಯಾವ ಪರದೆ, ಅದಕ್ಕೆ ಈ ಚಿತ್ರ ತೋರಿಸುವ ಹಕ್ಕಿದೆಯೇ ಎಂದು ಯಾವ ಯಂತ್ರವೂ ವಿಚಾರಿಸುತ್ತಿರಲಿಲ್ಲ.

ನಕಲು ತಡೆಯುವ ಆಸೆ ಮಾತ್ರ ಆಗಲೇ ಹಳೆಯದಾಗಿತ್ತು. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ಹೇಳಿತು. ಐದು ನ್ಯಾಯಮೂರ್ತಿಗಳು ಪರ, ನಾಲ್ವರು ವಿರೋಧ. ನಕಲನ್ನು ಯಂತ್ರದಲ್ಲೇ ತಡೆಯಲು ಮರುವರ್ಷವೇ ‘ದಿ ಕಾಟನ್ ಕ್ಲಬ್’ ಚಿತ್ರದ ಕ್ಯಾಸೆಟ್ಟಿನಲ್ಲಿ ಮ್ಯಾಕ್ರೊವಿಷನ್ ಎಂಬ ಉಪಾಯ ಬಂತು. ಪರದೆಯ ಮೇಲೆ ಕಾಣದ ಖಾಲಿ ಗೆರೆಗಳಲ್ಲಿ ಜೋರಾದ ಪಲ್ಸ್‌ಗಳನ್ನು ತುಂಬಿದರೆ ವಿಸಿಆರ್ ತನ್ನ ರೆಕಾರ್ಡಿಂಗ್ ಮಟ್ಟವನ್ನು ತಪ್ಪಾಗಿ ಲೆಕ್ಕ ಹಾಕುತ್ತದೆ, ನಕಲು ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಗಿ ಕೆಡುತ್ತದೆ. ಸಿಂಕ್ ಅನ್ನು ಹೊಸದಾಗಿ ಕಟ್ಟುವ ಟೈಮ್ ಬೇಸ್ ಕರೆಕ್ಟರ್ ಮುಂದೆ ಈ ಉಪಾಯ ನಿಲ್ಲುತ್ತಿರಲಿಲ್ಲ. ಸ್ಟುಡಿಯೊಗಳಲ್ಲಿ ಆ ಯಂತ್ರ ಹೇಗೂ ಇರುತ್ತಿತ್ತು.

ನಮ್ಮ ಕಸುಬು ನಿಜಕ್ಕೂ ಬದಲಾದದ್ದು ಎಚ್‌ಡಿಸಿಪಿ ಎಂಬ ನಕಲು ತಡೆಯುವ ವಿಧಾನದಿಂದ. 1999ರಲ್ಲಿ ಡಿವಿಐ ಎಂಬ ಡಿಜಿಟಲ್ ಸಂಪರ್ಕ ಬಂದಿತ್ತು. ಅದರ ಮೇಲೆ ಹರಿಯುವ ಶುದ್ಧ ಡಿಜಿಟಲ್ ಚಿತ್ರವನ್ನು ಗೂಢಲಿಪಿಯಲ್ಲಿ ಮುಚ್ಚುವ ಈ ವಿಧಾನವನ್ನು ಇಂಟೆಲ್ 2000ದಲ್ಲಿ ಮುಂದಿಟ್ಟಿತು. 2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ ಅದನ್ನು ಮನೆಮನೆಗೆ ಒಯ್ದಿತು. ಪ್ರತಿ ಸಾಧನದೊಳಗೆ 56 ಬಿಟ್‌ನ 40 ಗುಟ್ಟಿನ ಕೀಲಿಗಳು, ಜೊತೆಗೆ ಎಲ್ಲರಿಗೂ ತೋರಿಸಬಹುದಾದ 40 ಬಿಟ್‌ನ ಒಂದು ಗುರುತು. ಗುರುತುಗಳನ್ನು ಬದಲಾಯಿಸಿಕೊಂಡು, ಅದರ ಪ್ರಕಾರ ತಮ್ಮ ಕೀಲಿಗಳನ್ನು ಕೂಡಿಸಿದರೆ ಎರಡೂ ಕಡೆ ಒಂದೇ ಸಂಖ್ಯೆ ಸಿಗಬೇಕು. ಸಿಕ್ಕರೆ ಚಿತ್ರ. ಆಮೇಲೂ ಪ್ರತಿ 128 ಫ್ರೇಮಿಗೊಮ್ಮೆ, ಅಂದರೆ ಸುಮಾರು ಎರಡು ಸೆಕೆಂಡಿಗೊಮ್ಮೆ, ತಪಾಸಣೆ ನಡೆಯುತ್ತಲೇ ಇರುತ್ತದೆ.

ಒಂದು ಪ್ಲೇಯರ್, ಒಂದು ಟಿವಿ ಇರುವ ಮನೆಗೆ ಇದು ಸಾಕು. ಸಭಾಂಗಣದಲ್ಲಿ ಹಾಗಲ್ಲ: ವೇದಿಕೆಯ ಲ್ಯಾಪ್‌ಟಾಪ್, ಮ್ಯಾಟ್ರಿಕ್ಸ್ ಸ್ವಿಚರ್, ಎರಡು ಪ್ರೊಜೆಕ್ಟರ್, ಭಾಷಣಕಾರರ ಎದುರಿಗೊಂದು ಮಾನಿಟರ್, ಪಕ್ಕದ ಕೋಣೆಗೊಂದು ಲೈನ್, ರೆಕಾರ್ಡರ್. ನಡುವಿನ ಸ್ವಿಚರ್ ತನ್ನ ಕೆಳಗಿರುವ ಎಲ್ಲ ಪರದೆಗಳ ಗುರುತುಗಳನ್ನೂ ಕಲೆಹಾಕಿ ಐದು ಸೆಕೆಂಡಿನೊಳಗೆ ಚಿತ್ರ ಕಳಿಸುವ ಮೂಲ ಸಾಧನಕ್ಕೆ ಒಪ್ಪಿಸಬೇಕು. ನಿಯಮದಲ್ಲಿ 127 ಸಾಧನ, ಏಳು ಹಂತಗಳವರೆಗೆ ಅವಕಾಶವಿತ್ತು. ಆದರೆ ಎಷ್ಟೋ ಪ್ಲೇಯರ್‌ಗಳು ಅದಕ್ಕಿಂತ ತೀರಾ ಮೊದಲೇ ಕೈಚೆಲ್ಲುತ್ತಿದ್ದವು. ಇನ್‌ಪುಟ್ ಬದಲಿಸಿದಾಗಲೆಲ್ಲ ಇಡೀ ಒಪ್ಪಂದ ಮೊದಲಿನಿಂದ. ಅಷ್ಟು ಹೊತ್ತು ಪರದೆ ಕಪ್ಪು, ಸಭಿಕರ ಕಣ್ಣೆಲ್ಲ ಆಪರೇಟರ್ ಮೇಲೆ.

ಆ ಕಪ್ಪು ಪರದೆ ಕೇಬಲ್ ಸತ್ತಿದೆಯೋ, ರೆಸಲ್ಯೂಷನ್ ಹೊಂದುತ್ತಿಲ್ಲವೋ, ಅನುಮತಿ ಇಲ್ಲವೋ ಎಂಬುದನ್ನು ಹೇಳುತ್ತಿರಲಿಲ್ಲ. ವೃತ್ತಿಪರ ಸಲಕರಣೆ ತಯಾರಕರು ಇಲ್ಲಿ ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ. ಎಕ್ಸ್‌ಟ್ರಾನ್ ಕಂಪನಿ ‘ಕೀ ಮೈಂಡರ್’ ಎಂಬ ಹೆಸರಿನಲ್ಲಿ, ಸ್ವಿಚರ್ ಎರಡೂ ಕಡೆಯ ಒಪ್ಪಂದವನ್ನು ಸದಾ ಜೀವಂತ ಇಟ್ಟುಕೊಳ್ಳುವ ವ್ಯವಸ್ಥೆ ತಂದಿತು. ಇನ್‌ಪುಟ್ ಬದಲಿಸಿದರೆ ಕಾಯಬೇಕಿಲ್ಲ. ಹಕ್ಕಿಲ್ಲದ ಪರದೆಗೆ ಕಪ್ಪಿನ ಬದಲು ಹಸಿರು ಬಣ್ಣ ಕಳಿಸುವುದನ್ನೂ ತಂದಿತು. ಹಸಿರು ಕಂಡರೆ ಕೇಬಲ್ ಸರಿಯಿದೆ, ತಡೆ ಎಚ್‌ಡಿಸಿಪಿಯದು ಎಂದು ಕೂತಲ್ಲೇ ತಿಳಿಯುತ್ತದೆ. ಏಣಿ ಹತ್ತಿ ಸೀಲಿಂಗ್ ಬಿಚ್ಚಿದವರಿಗೆ ಮಾತ್ರ ಅದರ ಬೆಲೆ ಗೊತ್ತು.

2008ರ ಕೊನೆಯಲ್ಲಿ ಆಪಲ್‌ನ ಹೊಸ ಮ್ಯಾಕ್‌ಬುಕ್‌ಗಳು, ದುಡ್ಡು ಕೊಟ್ಟು ಕೊಂಡ ಸಿನಿಮಾವನ್ನೂ ಹಳೆಯ ಪ್ರೊಜೆಕ್ಟರಿನಲ್ಲಿ ತೋರಿಸಲು ನಿರಾಕರಿಸಿ ಸುದ್ದಿಯಾದವು. ನಮಗೆ ಅದಕ್ಕಿಂತ ಕಷ್ಟವಾದದ್ದು ಇನ್ನೊಂದು ಗುಣ: ಎದುರಿನ ಸಾಧನ ಎಚ್‌ಡಿಸಿಪಿ ಬಲ್ಲದು ಎಂದು ಗೊತ್ತಾದರೆ ಕೆಲವು ಲ್ಯಾಪ್‌ಟಾಪ್‌ಗಳು ಎಲ್ಲವನ್ನೂ ಮುಚ್ಚಿಯೇ ಕಳಿಸುತ್ತವೆ. ಒಂದು ವೈದ್ಯಕೀಯ ಸಮ್ಮೇಳನದಲ್ಲಿ ಹಿರಿಯ ಶಸ್ತ್ರಚಿಕಿತ್ಸಕರೊಬ್ಬರು ತಾವೇ ಮಾಡಿದ ಆಪರೇಷನ್ನಿನ ವಿಡಿಯೊ ತೋರಿಸಿದರು. ಪರದೆಯಲ್ಲಿ ಚಿತ್ರ ಬಂತು, ರೆಕಾರ್ಡರ್‌ಗೆ ಏನೂ ಬರಲಿಲ್ಲ. ಅವರ ಕೈಕೆಲಸಕ್ಕೆ ಅವರದೇ ಅನುಮತಿ ಸಾಲಲಿಲ್ಲ! ಸ್ವಿಚರಿನ ಆ ಇನ್‌ಪುಟ್ಟಿನಲ್ಲಿ ಎಚ್‌ಡಿಸಿಪಿ ಆಫ್ ಮಾಡಿ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದ ಮೇಲೆ ಎಲ್ಲ ಸರಿಹೋಯಿತು.

ಇಷ್ಟೆಲ್ಲ ಮಾಡಿ ಕಳ್ಳರನ್ನು ತಡೆದರೇ? ಸುಮಾರು 40 ಸಾಧನಗಳ ಕೀಲಿ ಸಿಕ್ಕರೆ ಇಡೀ ವ್ಯವಸ್ಥೆಯ ಮೂಲ ಕೀಲಿಯನ್ನೇ ಲೆಕ್ಕ ಹಾಕಬಹುದೆಂದು ಸ್ಕಾಟ್ ಕ್ರಾಸ್ಬಿ, ಡೇವಿಡ್ ವ್ಯಾಗ್ನರ್ ಮತ್ತು ಸಂಗಡಿಗರು 2001ರಲ್ಲೇ ತೋರಿಸಿದ್ದರು. 2010ರ ಸೆಪ್ಟೆಂಬರಿನಲ್ಲಿ ಆ ಮೂಲ ಕೀಲಿ ಅಂತರ್ಜಾಲದಲ್ಲಿ ಬಯಲಾಯಿತು, ಇಂಟೆಲ್ ಒಪ್ಪಿಕೊಂಡಿತು. ನಕಲು ಮಾಡುವವನಿಗೆ ದಾರಿ ತೆರೆದಿತ್ತು; ಕಾನೂನು ಪಾಲಿಸುವ ಕಾಲೇಜು, ಆಸ್ಪತ್ರೆ, ಕಚೇರಿಗಳ ಭಾರ ಇಳಿಯಲಿಲ್ಲ. ಅದೇ ವರ್ಷದ ಡಿಸೆಂಬರ್ 31ರ ನಂತರ ತಯಾರಾಗುವ ಬ್ಲೂ-ರೇ ಪ್ಲೇಯರ್‌ಗಳ ಅನಲಾಗ್ ಔಟ್‌ಪುಟ್ ಹಳೆಯ ಟಿವಿಯ ಗುಣಮಟ್ಟಕ್ಕೆ ಇಳಿಯಬೇಕು ಎಂಬ ನಿಯಮ ಬಂತು. ಗೋಡೆಯೊಳಗೆ ನಾವು ಎಳೆದಿದ್ದ ಒಳ್ಳೆಯ ತಾಮ್ರದ ಕೇಬಲ್‌ಗಳು ಆ ಮಟ್ಟಿಗೆ ನಿರುಪಯುಕ್ತವಾದವು.

4ಕೆ ಜೊತೆ ಬಂದ ಎಚ್‌ಡಿಸಿಪಿಯ 2.2 ಆವೃತ್ತಿ ಹಳೆಯ ಕೀಲಿಗಳನ್ನು ಬಿಟ್ಟು ಆರ್‌ಎಸ್‌ಎ, ಎಇಎಸ್ ಎಂಬ ಗೂಢಲಿಪಿ ವಿಧಾನಗಳನ್ನು ಹಿಡಿಯಿತು. ಎದುರಿನ ಸಾಧನದ ಉತ್ತರ 20 ಮಿಲಿಸೆಕೆಂಡಿನೊಳಗೆ ಬರಬೇಕು, ನಾಲ್ಕು ಹಂತ, 32 ಸಾಧನ. ಹೊಸ ಆವೃತ್ತಿಯನ್ನೇ ಕೇಳುವ ಸಿನಿಮಾಕ್ಕೆ ಸರಪಳಿಯಲ್ಲಿ ಒಂದೇ ಒಂದು ಹಳೆಯ ಸಾಧನವಿದ್ದರೂ ಆ ದಾರಿ ಮುಚ್ಚಿತು.

ಹಾಗಾಗಿ ಈಗ ನಾನು ನಕ್ಷೆ ಬರೆಯುವ ಮೊದಲು ಕೇಳುವುದು, ಇಲ್ಲಿ ಏನು ತೋರಿಸುತ್ತೀರಿ, ಯಾವುದನ್ನು ರೆಕಾರ್ಡ್ ಮಾಡುತ್ತೀರಿ ಎಂದು. ಲ್ಯಾಪ್‌ಟಾಪ್ ಇನ್‌ಪುಟ್‌ಗಳಲ್ಲಿ ಎಚ್‌ಡಿಸಿಪಿ ಆಫ್; ಬ್ಲೂ-ರೇಗೆ, ಸೆಟ್‌ಟಾಪ್ ಬಾಕ್ಸಿಗೆ ಬೇರೆ ಇನ್‌ಪುಟ್, ಅಲ್ಲಿ ಆನ್. ಯಾವುದು ಯಾವ ಆವೃತ್ತಿ ಎಂದು ರ್‍ಯಾಕಿನ ಬಾಗಿಲಿನ ಒಳಬದಿಗೆ ಕನ್ನಡದಲ್ಲೇ ಬರೆದು ಅಂಟಿಸುತ್ತೇನೆ, ರಾತ್ರಿ ಪಾಳಿಯ ಹುಡುಗನೂ ಓದಿಕೊಳ್ಳುವಂತೆ.