ಗರ್ಭಿಣಿ ವಿದ್ಯಾರ್ಥಿನಿಯ ಓದು, ಹಾಜರಾತಿ ಮತ್ತು ವಿದ್ಯಾರ್ಥಿವೇತನ

ನಮ್ಮ ಸಮಾಜದಲ್ಲಿ ಡಿಗ್ರಿ, ಬಿ.ಎಡ್., ಎಂ.ಕಾಂ. ಓದುತ್ತಿರುವಾಗಲೇ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬಂದು ಮದುವೆಯಾಗುವುದು ಹೊಸದೇನಲ್ಲ. ಮದುವೆಯಾದ ಮೇಲೂ ಓದಿಸುತ್ತೇವೆ ಎಂದು ಗಂಡಿನ ಕಡೆಯವರು ಒಪ್ಪಿಕೊಂಡಿರುತ್ತಾರೆ, ಒಪ್ಪಿದಂತೆ ನಡೆದುಕೊಳ್ಳುವವರೂ ಬಹಳ. ಆದರೆ ಕೊನೆಯ ವರ್ಷದಲ್ಲಿ ಸೊಸೆ ಗರ್ಭಿಣಿಯಾದಾಗ "ಈಗ ಆರೋಗ್ಯ ಮುಖ್ಯ, ಓದು ಮುಂದೆ ನೋಡೋಣ" ಎನ್ನುವ ಮಾತು ಬರುತ್ತದೆ. ಆ "ಮುಂದೆ" ಅನೇಕರ ಪಾಲಿಗೆ ಬರುವುದೇ ಇಲ್ಲ. ಹಾಜರಾತಿ ಕಡಿಮೆಯಾಗಿ, ಪರೀಕ್ಷಾ ಶುಲ್ಕ ಕಟ್ಟುವ ದಿನ ದಾಟಿ, ವಿದ್ಯಾರ್ಥಿವೇತನ ನವೀಕರಣವಾಗದೆ ಓದು ತಾನಾಗಿಯೇ ನಿಂತುಬಿಡುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ಮೊದಲೇ ತಿಳಿದುಕೊಂಡು ಒಂದು ಅರ್ಜಿ ಬರೆದರೆ ತಪ್ಪಿಸಬಹುದು.

ನಿಯಮದಲ್ಲಿ ಏನಿದೆ

ನೌಕರಿಯಲ್ಲಿರುವವರಿಗೆ 26 ವಾರಗಳ ಹೆರಿಗೆ ರಜೆ ಕೊಡುವ ಕಾಯ್ದೆ ವಿದ್ಯಾರ್ಥಿನಿಯರಿಗೆ ಅನ್ವಯಿಸುವುದಿಲ್ಲ. ಅವರಿಗೆ ಇರುವ ಆಧಾರ ಯುಜಿಸಿ. 2021ರ ಡಿಸೆಂಬರ್‌ನಲ್ಲಿ ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿಯಲ್ಲಿ ರಿಯಾಯಿತಿ, ಪರೀಕ್ಷಾ ಅರ್ಜಿ ಸಲ್ಲಿಸಲು ಹೆಚ್ಚಿನ ಸಮಯ ಕೊಡುವಂತೆ ನಿಯಮ ರೂಪಿಸಲು ತಿಳಿಸಿತು. ಎಷ್ಟು ದಿನ ಎಂಬುದನ್ನು ಆಯಾ ವಿಶ್ವವಿದ್ಯಾಲಯಕ್ಕೇ ಬಿಟ್ಟಿತು. ಹೀಗಾಗಿ ಒಂದು ಕಡೆ ಸುಲಭವಾಗಿ ಸಿಕ್ಕ ರಿಯಾಯಿತಿ ಇನ್ನೊಂದು ಕಡೆ ಕೇಳಿ ಪಡೆಯಬೇಕಾಗುತ್ತದೆ. ಕಾಲೇಜಿನ ಗುಮಾಸ್ತರಿಗೆ ಈ ಪತ್ರದ ವಿಷಯ ಗೊತ್ತಿಲ್ಲದಿದ್ದರೆ ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸುವುದು ಒಳ್ಳೆಯದು. 2023ರಲ್ಲಿ ದೆಹಲಿ ಹೈಕೋರ್ಟ್ ಎಂ.ಎಡ್. ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ, ಓದು ಅಥವಾ ತಾಯ್ತನ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳುವ ಸ್ಥಿತಿಗೆ ಮಹಿಳೆಯನ್ನು ತಳ್ಳಬಾರದು ಎಂಬ ನಿಲುವು ತಳೆದು, ರಜೆ ನಿರಾಕರಿಸಿದ್ದ ವಿಶ್ವವಿದ್ಯಾಲಯದ ಆದೇಶವನ್ನು ರದ್ದುಪಡಿಸಿದೆ.

ಪಿಎಚ್.ಡಿ. ಮಾಡುವವರಿಗೆ ವಿಷಯ ಸ್ಪಷ್ಟವಾಗಿದೆ. 2022ರ ಯುಜಿಸಿ ನಿಯಮಾವಳಿಯಂತೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಇದೆ, ಪ್ರಬಂಧ ಮುಗಿಸಲು ಮಹಿಳೆಯರಿಗೆ ಹೆಚ್ಚುವರಿಯಾಗಿ 2 ವರ್ಷದ ಅವಕಾಶವೂ ಇದೆ. ಜೆಆರ್‌ಎಫ್ ಪಡೆಯುವವರಿಗೆ ಹೆರಿಗೆ ರಜೆಯ ಕಾಲದಲ್ಲೂ ಫೆಲೋಶಿಪ್ ಪೂರ್ತಿ ದರದಲ್ಲೇ ಸಿಗುತ್ತದೆ (2023ರ ಜನವರಿಯಿಂದ ತಿಂಗಳಿಗೆ 37,000 ರೂ., ಎಸ್‌ಆರ್‌ಎಫ್ ಆದ ಮೇಲೆ 42,000 ರೂ.). ಆದರೆ ಪ್ರತಿ ತಿಂಗಳ ದೃಢೀಕರಣ ಸಂಸ್ಥೆಯಿಂದ ಹೋಗದಿದ್ದರೆ ಹಣ ನಿಲ್ಲುತ್ತದೆ. ಬಾಣಂತಿ ಮನೆಯಲ್ಲಿದ್ದಾಗ ಇದನ್ನು ನೆನಪಿಸುವ ಒಬ್ಬ ಸಹಪಾಠಿ ವಿಭಾಗದಲ್ಲಿರಬೇಕು. ಜೈನರೂ ಸೇರಿದಂತೆ ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ಇಲ್ಲ. ಅದನ್ನು ನಂಬಿ ಕೂರುವುದು ಬೇಡ.

ಹಾಜರಾತಿಯೇ ಮೊದಲು

ಇಲ್ಲಿ ಒಂದು ವ್ಯತ್ಯಾಸವನ್ನು ಮನೆಯವರೆಲ್ಲ ತಿಳಿದುಕೊಳ್ಳಬೇಕು. ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲು ಅವಕಾಶ ತಪ್ಪಿದರೆ ಸಾಮಾನ್ಯವಾಗಿ ಇಡೀ ಸೆಮಿಸ್ಟರ್ ಮತ್ತೆ ಓದಬೇಕು. ಹಾಜರಾತಿ ಇದ್ದು, ಶುಲ್ಕವನ್ನೂ ಕಟ್ಟಿ, ಹೆರಿಗೆಯ ಕಾರಣದಿಂದ ಪರೀಕ್ಷೆಗೆ ಗೈರಾದರೆ ಆ ವಿಷಯಗಳು ಬಾಕಿ ಉಳಿಯುತ್ತವೆ, ಅಷ್ಟೇ. ಮುಂದಿನ ಸಲ ಬರೆಯಬಹುದು. ಆದ್ದರಿಂದ ಪರೀಕ್ಷೆ ಬರೆಯುವ ನಂಬಿಕೆ ಇಲ್ಲದಿದ್ದರೂ ಶುಲ್ಕ ಕಟ್ಟುವುದೇ ಲೇಸು. ಕೆಲವು ನೂರು ಅಥವಾ ಸಾವಿರ ರೂಪಾಯಿ ಉಳಿಸಲು ಹೋಗಿ ಒಂದು ವರ್ಷ ಕಳೆದುಕೊಳ್ಳುವುದು ಲೆಕ್ಕಕ್ಕೆ ಬರುವ ವ್ಯವಹಾರವಲ್ಲ.

ಸಾಮಾನ್ಯ ಕೋರ್ಸ್‌ಗಳಿಗೆ ಶೇ. 75 ಹಾಜರಾತಿ ಕೇಳುತ್ತಾರೆ. ಬಿ.ಎಡ್.ಗೆ ತರಗತಿಗಳಲ್ಲಿ ಶೇ. 80, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ. 90 ಬೇಕು. ಇಂಟರ್ನ್‌ಶಿಪ್ ಏಳನೇ ತಿಂಗಳ ನಂತರ ಬೀಳುವಂತಿದ್ದರೆ ಪ್ರಾಂಶುಪಾಲರೊಂದಿಗೆ ಮೊದಲೇ ಮಾತನಾಡಿ, ಮನೆಗೆ ಹತ್ತಿರದ ಶಾಲೆಯನ್ನು ಅಥವಾ ಮುಂದಿನ ತಂಡವನ್ನು ಕೇಳಿಕೊಳ್ಳಬೇಕು.

ವೈದ್ಯರು ಹೆರಿಗೆಯ ಅಂದಾಜು ದಿನಾಂಕ ಕೊಟ್ಟ ಕೂಡಲೇ ಅದನ್ನು ಕಾಲೇಜಿನ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಬೇಕು. ಮೊದಲ ಆರು ತಿಂಗಳಲ್ಲಿ ತರಗತಿಗೆ ಹೋಗಿ ಹಾಜರಾತಿ ಕೂಡಿಸಿಟ್ಟುಕೊಂಡವರಿಗೆ ಕೊನೆಯಲ್ಲಿ ಬೇಕಾಗುವ ರಿಯಾಯಿತಿ ಕಡಿಮೆ, ಕೇಳಲೂ ಸಂಕೋಚವಿಲ್ಲ. ಅರ್ಜಿಯಲ್ಲಿ ರಿಜಿಸ್ಟರ್ ನಂಬರ್, ಅಂದಾಜು ದಿನಾಂಕ, ಯಾವ ದಿನದಿಂದ ಯಾವ ದಿನದವರೆಗೆ ರಜೆ ಎಂಬುದನ್ನು ಬರೆದು, ವೈದ್ಯರ ಪ್ರಮಾಣಪತ್ರ ಮತ್ತು ತಾಯಿ ಕಾರ್ಡಿನ ನಕಲು ಸೇರಿಸಬೇಕು. ಇನ್ನೊಂದು ಪ್ರತಿಯ ಮೇಲೆ ಕಾಲೇಜಿನ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಮನೆಗೆ ತರಬೇಕು. ಬಾಯಿಮಾತಿನ ಒಪ್ಪಿಗೆ ಪ್ರಾಂಶುಪಾಲರು ಬದಲಾದ ದಿನವೇ ಮುಗಿಯುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿ ಇನ್ನೊಂದು ತೊಡಕು. ತವರು ಶಿರಸಿಯಲ್ಲಿ, ಪರೀಕ್ಷಾ ಕೇಂದ್ರ ಬೆಳಗಾವಿಯಲ್ಲಿ ಇದ್ದರೆ ಒಂಬತ್ತನೇ ತಿಂಗಳಲ್ಲಿ ಅಷ್ಟು ದೂರ ಹೋಗಿಬರುವುದು ಹೇಗೆ? ತವರಿಗೆ ಹೋಗುವ ದಿನವನ್ನು ಪಂಚಾಂಗದ ಜತೆಗೆ ಪರೀಕ್ಷಾ ವೇಳಾಪಟ್ಟಿಯನ್ನೂ ನೋಡಿ ನಿರ್ಧರಿಸಿದರೆ ಚೆನ್ನ. ಮಗು ಹುಟ್ಟಿದ ಮೇಲಿನ ವೃದ್ಧಿ ಸೂತಕವೂ ಬಸದಿಯ ಪೂಜೆಗೆ ಸಂಬಂಧಿಸಿದ್ದು, ಪರೀಕ್ಷಾ ಹಾಲಿಗೆ ಅಲ್ಲ. ವೈದ್ಯರು ಒಪ್ಪಿದರೆ ಪರೀಕ್ಷೆ ಬರೆಯಬಹುದು.

ವಿದ್ಯಾರ್ಥಿವೇತನ ಮತ್ತು ಸಾಲ

2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿದೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದವಕ್ಕೆ ಎನ್‌ಎಸ್‌ಪಿ ಪೋರ್ಟಲ್. ಆ ವರ್ಷ ಯಾವ ಯೋಜನೆ ತೆರೆದಿದೆ ಎಂಬುದನ್ನು ಅಲ್ಲೇ ನೋಡಬೇಕು. ವೃತ್ತಿಪರ ಕೋರ್ಸ್‌ಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ.

ಇವುಗಳಲ್ಲಿ ಹೆಚ್ಚಿನವು ವರ್ಷವರ್ಷವೂ ನವೀಕರಣವಾಗಬೇಕು, ಎಡವುವುದು ಅಲ್ಲೇ. ಉದಾಹರಣೆಗೆ ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ (ಪದವಿಗೆ ವರ್ಷಕ್ಕೆ 12,000 ರೂ.) ಮುಂದುವರಿಯಲು ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಬೇಕು. ಕಾಲೇಜು ಕೊಟ್ಟ ರಿಯಾಯಿತಿ ಹಾಜರಾತಿ ಪ್ರಮಾಣಪತ್ರದಲ್ಲಿ ಕಾಣುವಂತೆ ಬರೆಸಿಕೊಳ್ಳಬೇಕು. ರೆಗ್ಯುಲರ್ ಬಿಟ್ಟು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಗ್ನೋಗೆ ಸೇರಿದರೆ ದಿನನಿತ್ಯದ ತರಗತಿಯ ಚಿಂತೆ ಇರುವುದಿಲ್ಲ, ಆದರೆ ಅನೇಕ ವಿದ್ಯಾರ್ಥಿವೇತನಗಳು ತಪ್ಪುತ್ತವೆ. ಕೊನೆಯ ಎರಡು ಸೆಮಿಸ್ಟರ್ ಉಳಿದವರು ಹಾಗೆ ಬದಲಾಯಿಸುವುದರಲ್ಲಿ ಅರ್ಥವಿಲ್ಲ.

ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರು ಬದಲಾಯಿಸುವ ಆತುರವೂ ಬೇಡ. ಅಂಕಪಟ್ಟಿಯಲ್ಲಿ ತಂದೆಯ ಮನೆಯ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಪೋರ್ಟಲ್‌ನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಪದವಿ ಕೈಗೆ ಬರುವವರೆಗೆ ಹಳೆಯ ಹೆಸರು ಇದ್ದರೆ ಯಾರಿಗೂ ನಷ್ಟವಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ.

ಶಿಕ್ಷಣ ಸಾಲ ಇದ್ದವರು ಬ್ಯಾಂಕಿಗೂ ಒಂದು ಪತ್ರ ಕೊಡಬೇಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಕೋರ್ಸ್ ಮುಗಿದ ಒಂದು ವರ್ಷದ ನಂತರ ಕಂತು ಆರಂಭ. ಹೇಳಿದ ಸಮಯಕ್ಕೆ ಕೋರ್ಸ್ ಮುಗಿಯದಿದ್ದರೆ 2 ವರ್ಷದವರೆಗೆ ವಿಸ್ತರಣೆಗೆ ಅವಕಾಶವಿದೆ. ಕೇಳದಿದ್ದರೆ ಹಳೆಯ ಲೆಕ್ಕದಂತೆ ಕಂತು ಶುರುವಾಗುತ್ತದೆ. ವರ್ಷಕ್ಕೆ 4.5 ಲಕ್ಷ ರೂ.ವರೆಗಿನ ಆದಾಯದ ಕುಟುಂಬಗಳಿಗೆ ಸಿಗುವ ಕೇಂದ್ರದ ಬಡ್ಡಿ ಸಹಾಯಧನವು ಓದನ್ನು ನಡುವೆ ಬಿಟ್ಟವರಿಗೆ ಇಲ್ಲ. ವೈದ್ಯಕೀಯ ಕಾರಣಕ್ಕೆ ಬಿಟ್ಟಿದ್ದು ದಾಖಲೆ ಇದ್ದರೆ ಮಾತ್ರ ವಿನಾಯಿತಿ.

ಇದಲ್ಲದೆ ಅರ್ಹ ಕುಟುಂಬಗಳಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂ., ಎರಡನೆಯದು ಹೆಣ್ಣಾದರೆ 6,000 ರೂ. ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಬೇಕು. ವಿದ್ಯಾರ್ಥಿನಿ ಎಂಬ ಕಾರಣಕ್ಕೆ ಇದು ತಪ್ಪುವುದಿಲ್ಲ.

ಸಮಾಜದ ಟ್ರಸ್ಟ್‌ಗಳು

1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯಿಂದ ಹಿಡಿದು ಊರೂರಿನ ಬಸದಿ ಟ್ರಸ್ಟ್‌ಗಳವರೆಗೆ ವಿದ್ಯಾದಾನಕ್ಕೆ ಹಣ ತೆಗೆದಿಡುವ ಪರಂಪರೆ ನಮ್ಮಲ್ಲಿ ದೊಡ್ಡದು. ಆದರೆ ಊರಿನ ಟ್ರಸ್ಟ್‌ಗಳ ಅರ್ಜಿ ನಮೂನೆಗಳಲ್ಲಿ "ಒಂದೇ ಸಲಕ್ಕೆ ತೇರ್ಗಡೆ", "ನಡುವೆ ವರ್ಷ ತಪ್ಪಿರಬಾರದು" ಎಂಬ ಷರತ್ತು ಕಾಣುವುದುಂಟು. ಸೋಮಾರಿಗಳನ್ನು ತಡೆಯಲು ಹಾಕಿದ ಈ ಷರತ್ತು ಬಾಣಂತಿಯನ್ನೂ ತಡೆಯುತ್ತದೆ. "ಹೆರಿಗೆಯ ಕಾರಣಕ್ಕೆ ಒಂದು ವರ್ಷದ ಅಂತರವಿದ್ದರೆ ಪರಿಗಣಿಸಲಾಗುವುದು" ಎಂಬ ಒಂದು ಸಾಲನ್ನು ಮುಂದಿನ ಸಭೆಯಲ್ಲಿ ಸೇರಿಸಲು ಟ್ರಸ್ಟಿಗಳಿಗೆ ಖರ್ಚೇನೂ ಇಲ್ಲ. ಮಂಜೂರಾದ ಹಣವನ್ನು ರದ್ದು ಮಾಡದೆ ಮುಂದಿನ ವರ್ಷಕ್ಕೆ ಕಾಯ್ದಿರಿಸುವುದೂ ಸಾಧ್ಯ.

ಆಹಾರದ ಬಗ್ಗೆ ಒಂದು ಮಾತು. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಗರ್ಭಿಣಿ ಸಂಜೆಯ ತರಗತಿ ಮುಗಿಸಿ ಬಸ್ಸು ಹಿಡಿದರೆ ಮರುದಿನ ಬೆಳಗಿನವರೆಗೆ ಹಸಿದಿರಬೇಕಾಗುತ್ತದೆ. ಡಬ್ಬಿಯಲ್ಲಿ ಎರಡನೇ ಊಟವನ್ನೂ ಕಟ್ಟಿಕೊಡಬೇಕು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ ಹಟವನ್ನು ಈ ಒಂದು ವರ್ಷ ಹಿರಿಯರೇ ಬಿಡಿಸಬೇಕು; ಗರ್ಭಿಣಿಯರು ಸ್ವಾಧ್ಯಾಯ, ಸಾಮಾಯಿಕ ಮಾಡಿ ಪರ್ವ ಆಚರಿಸಬಹುದು. ಬಿ12 ಮತ್ತು ಕಬ್ಬಿಣಾಂಶದ ಕೊರತೆ ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ಮೊದಲ ರಕ್ತ ಪರೀಕ್ಷೆಯಲ್ಲೇ ಇವೆರಡನ್ನೂ ನೋಡಲು ವೈದ್ಯರಿಗೆ ಹೇಳಬೇಕು.